ಮಾಚೇನಹಳ್ಳಿಯ ಎರಕ ಮತ್ತು ಎಂಟನೇ ನಂಬರಿನ ಮೋಡ

ಕೋವಿಡ್ ಕಳೆದ ಮೇಲಿನ ಮೂರನೆಯ ಬೇಸಿಗೆ. ಆಗ ನಾನು ಶಿವಮೊಗ್ಗದ ಹೊರವಲಯದ ಒಂದು ಹವಾಮಾನ ವೀಕ್ಷಣಾ ಘಟಕದ ಮುಖ್ಯಸ್ಥನಾಗಿದ್ದೆ. ಮುಖ್ಯಸ್ಥ ಎಂದ ಕೂಡಲೇ ದೊಡ್ಡದಾಗಿ ಏನೂ ಕಲ್ಪಿಸಿಕೊಳ್ಳಬೇಡಿ. ಎರಡು ಕೋಣೆ, ತಂತಿಬೇಲಿಯೊಳಗೆ ಒಂದು ಮಳೆಮಾಪಕ, ಥರ್ಮಾಮೀಟರುಗಳಿರುವ ಬಿಳಿ ಪೆಟ್ಟಿಗೆ, ಗಾಳಿ ಅಳೆಯುವ ಕಂಬ, ನಾನು, ಮತ್ತು ರೇಣುಕಾ ಎಂಬ ಗುತ್ತಿಗೆ ವೀಕ್ಷಕಿ. ಇಷ್ಟೇ ನನ್ನ ಸಾಮ್ರಾಜ್ಯ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಮೂವತ್ತೊಂದು ವರ್ಷ ಆಕಾಶ ನೋಡಿದವನಿಗೆ ಇನ್ನೇನು ಹೊಸದು ಕಾಣುವುದಿದೆ ಎಂಬ ಕೊಬ್ಬು ನನ್ನಲ್ಲಿ ಚೆನ್ನಾಗಿಯೇ ಇತ್ತು. ಅದು ಇಳಿದದ್ದು ಆ ಏಪ್ರಿಲ್‌ನ ಒಂದು ಗುರುವಾರ.

ಹವಾಮಾನದವನು ಎಂದು ತಿಳಿದರೆ ಸಾಕು, ಜನರಿಗೆ ನಗು ಬರುತ್ತದೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಪಕ್ಕದವರು, "ಸಾರ್, ನೀವು ಮಳೆ ಅಂದ ದಿನಾನೇ ನಾವು ಹಪ್ಪಳ ಒಣಗ್ಸೋದು" ಎನ್ನುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ. ಒಳಗೊಳಗೆ ಮಾತ್ರ ಕೋಪ. ಆದರೆ ಕೋಪಕ್ಕೆ ನನಗೆ ಹಕ್ಕಿತ್ತೇ ಎಂದು ಈಗ ಕೇಳಿಕೊಳ್ಳುತ್ತೇನೆ. ನಮ್ಮ ದಿನದ ಮುನ್ಸೂಚನೆಯಲ್ಲಿ ಬೇಸಿಗೆ ಪೂರ್ತಿ ಇರುತ್ತಿದ್ದದ್ದು ಒಂದೇ ವಾಕ್ಯ: "ಜಿಲ್ಲೆಯ ಕೆಲವೆಡೆ ಗುಡುಗು ಸಹಿತ ಹಗುರದಿಂದ ಸಾಧಾರಣ ಮಳೆಯಾಗುವ ಸಾಧ್ಯತೆಯಿದೆ." ಮಳೆ ಬಂದರೂ ಸರಿ, ಬಾರದಿದ್ದರೂ ಸರಿ, ಈ ವಾಕ್ಯದ ಕೊರಳಪಟ್ಟಿ ಹಿಡಿಯಲು ಯಾರಿಗೂ ಆಗುವುದಿಲ್ಲ.

ಹಿಡಿಯಲು ಬಂದವರು ಒಬ್ಬರೇ. ಮಾರ್ಚ್ ಕೊನೆಯಲ್ಲಿ ಒಂದು ದಿನ ಐವತ್ತೈದರ ಆಸುಪಾಸಿನ ಗಟ್ಟಿ ಆಳೊಬ್ಬರು ಕಚೇರಿಗೆ ಬಂದರು. ಮುಂಗೈ ತುಂಬ ಸಣ್ಣ ಸಣ್ಣ ಸುಟ್ಟ ಕಲೆಗಳು. ಹೆಸರು ಮುರುಗೇಶ. ಭದ್ರಾವತಿಯ ಓಲ್ಡ್ ಟೌನಿನವರು, ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆಯಲ್ಲಿ, ಮೇಸ್ತ್ರಿ. ಮನೆಯಲ್ಲಿ ತಮಿಳು, ಹೊರಗೆ ಕನ್ನಡ. ಕೈಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ತುಂಡೊಂದನ್ನು ಹಿಡಿದಿದ್ದರು.

"ಸಾರ್, ಇದನ್ನ ಬರೆಯೋರು ನೀವೇನಾ?"

ಹೌದು ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಕೆಲವೆಡೆ ಅಂತ ಹಾಕಿದೀರಲ್ಲ, ಅದ್ರಲ್ಲಿ ನಮ್ಮ ಯಾರ್ಡು ಸೇರುತ್ತಾ ಸಾರ್?"

ಹೊರಗೆ ಮಣ್ಣಿನ ಉಷ್ಣಾಂಶ ಬರೆದುಕೊಳ್ಳುತ್ತಿದ್ದ ರೇಣುಕಾ ಕಿಸಕ್ಕನೆ ನಕ್ಕಳು. ನನಗೆ ಉರಿಯಿತು. ಆದರೆ ಆತ ತಮಾಷೆಗೆ ಬಂದವರಾಗಿರಲಿಲ್ಲ. ಒಂದು ಮೆಷಿನ್ನಿನ ತಳಭಾಗದ ಎರಕ, ಎರಡೂವರೆ ಟನ್, ಶೆಡ್ಡಿನೊಳಗೆ ಹಿಡಿಸದಷ್ಟು ಉದ್ದ. ಆದ್ದರಿಂದ ಯಾರ್ಡಿನಲ್ಲಿ, ಬಯಲಲ್ಲೇ, ಗುಂಡಿ ತೆಗೆದು ಮರಳಿನ ಅಚ್ಚು ಕಟ್ಟುತ್ತಿದ್ದರು. ಏಪ್ರಿಲ್‌ನಲ್ಲಿ ಎರಕ. ಕಾದ ಕಬ್ಬಿಣ ತುಂಬಿದ ದೊಡ್ಡ ಬಕೆಟ್ಟನ್ನು, ಅದಕ್ಕೆ ಅವರು ಲ್ಯಾಡಲ್ ಎನ್ನುತ್ತಾರೆ, ಕ್ರೇನಿನಲ್ಲಿ ಎತ್ತಿ ತಂದು ಹೊಯ್ಯುವಾಗ ಸುತ್ತ ಏಳು ಜನ ನಿಲ್ಲಬೇಕು. ಅವರಲ್ಲೊಬ್ಬರು ಈ ಮುರುಗೇಶಣ್ಣ, ಉಳಿದ ಆರು ಜನ ಅವರೇ ಕೆಲಸ ಕಲಿಸಿದವರು.

ಮಳೆ ಹನಿ ಬಿದ್ದರೆ ಅಷ್ಟು ಅಪಾಯವೇ ಎಂದು ನಾನು ಪೆದ್ದನಂತೆ ಕೇಳಿದೆ. ಆತ ಎರಡೂ ಕೈ ಮುಂದೆ ಹಿಡಿದು, ಒಂದರ ಮೇಲೊಂದು ಇಟ್ಟು ತೋರಿಸಿದರು.

"ಲೋಹದ ಮೇಲೆ ನೀರು ಬಿದ್ರೆ ಚುರ್ ಅಂತದೆ, ಅಷ್ಟೇ ಸಾರ್. ನೀರಿನ ಮೇಲೆ ಲೋಹ ಬಿದ್ರೆ ಬಾಂಬು. ಅಚ್ಚಿನ ಬಾಯಲ್ಲಿ, ನೆಲದ ಕುಳೀಲಿ ಒಂದು ಲೋಟ ನೀರು ನಿಂತಿದ್ರೆ ಸಾಕು, ಅದರ ಮೇಲೆ ಕಬ್ಬಿಣ ಚೆಲ್ಲಿದ್ರೆ ಏಳು ಜನಾನೂ ಇರಲ್ಲ. ಎತ್ತಿ ಹೊಯ್ದು ಮುಗಿಸೋಕೆ ಇಪ್ಪತ್ತು ನಿಮಿಷ, ಗಟ್ಟಿಯಾಗೋಕೆ ಒಂದೂವರೆ ಗಂಟೆ. ನನಗೆ ಬೇಕಾಗಿರೋದು ಎರಡು ಗಂಟೆ. ಕೆಲವೆಡೆ ಬೇಡ."

ಮೂವತ್ತೊಂದು ವರ್ಷದಲ್ಲಿ ನನ್ನನ್ನು ಹೀಗೆ ಯಾರೂ ಕೇಳಿರಲಿಲ್ಲ. ಗೋಡೆಯ ಮೇಲಿದ್ದ ಮೋಡಗಳ ಚಾರ್ಟಿನ ಮುಂದೆ ಅವರನ್ನು ನಿಲ್ಲಿಸಿ ಪಾಠ ಶುರು ಮಾಡಿದೆ. ನಿಮಗೂ ಅಷ್ಟನ್ನು ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ತೀರ ಎತ್ತರದಲ್ಲಿ ಕುದುರೆ ಬಾಲದ ಕೂದಲಿನಂತೆ ಎಳೆ ಎಳೆಯಾಗಿ ಇರುವುದು ಸಿರಸ್. ಅದು ತಾನಾಗಿ ಮಳೆ ತರುವುದಿಲ್ಲ. ಕೆಳಗೆ, ಹಿಂಜಿದ ಹತ್ತಿಯಂತೆ ಇರುವುದು ಕ್ಯುಮುಲಸ್; ಬಿಸಿಲೇರಿದಂತೆ ಹುಟ್ಟುತ್ತದೆ. ಅದು ಅಗಲಕ್ಕಿಂತ ಎತ್ತರ ಬೆಳೆದು ಹೂಕೋಸಿನಂತಾದರೆ ಎಚ್ಚರ. ಇನ್ನೂ ಬೆಳೆದು, ನೆತ್ತಿಯ ಅಂಚು ಮಸುಕಾಗಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾದರೆ ಅದು ಕ್ಯುಮುಲೋನಿಂಬಸ್; ಗುಡುಗು, ಸಿಡಿಲು, ಆಲಿಕಲ್ಲು ಎಲ್ಲ ಅದರದೇ. ಸಿರಸ್ಸಿಗೂ ಕ್ಯುಮುಲಸ್ಸಿಗೂ ನಡುವಿನ ಎತ್ತರದಲ್ಲಿ ಸಣ್ಣ ಸಣ್ಣ ಉಂಡೆಗಳಾಗಿ ಹರಡಿಕೊಳ್ಳುವುದು ಆಲ್ಟೋಕ್ಯುಮುಲಸ್. ಸಾಮಾನ್ಯವಾಗಿ ಸಾಧು ಮೋಡ.

ಮುರುಗೇಶಣ್ಣ ಏನನ್ನೂ ಬರೆದುಕೊಳ್ಳಲಿಲ್ಲ. ಪ್ರತಿಯೊಂದು ಚಿತ್ರವನ್ನೂ ಬೆರಳಲ್ಲಿ ಸುತ್ತು ಹಾಕಿ ನೋಡಿದರು. "ಹೂಕೋಸು ಅಡಿಗಲ್ಲಾಗೋಕೆ ಎಷ್ಟು ಹೊತ್ತು?" ಎಂದರು. ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಎಂದೆ. ತಲೆಯಾಡಿಸಿ, ಎರಕದ ದಿನ ಬೆಳಿಗ್ಗೆ ಫೋನ್ ಮಾಡ್ತೀನಿ ಎಂದು ಹೇಳಿ ಹೋದರು.

ಇನ್ನು ರೇಣುಕಾ. ಕುಂಸಿಯ ಒಕ್ಕಲು ಮನೆಯ ಹೆಣ್ಣುಮಗಳು, ಆಗ ಮೂವತ್ತೆಂಟು ವರ್ಷ, ನಮ್ಮಲ್ಲಿ ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ. ದಿನಾ ಬೆಳಗಿನ ಬಸ್ಸು ಹತ್ತಿ ಏಳೂವರೆಗೆ ಕಚೇರಿಯಲ್ಲಿರುತ್ತಿದ್ದಳು. ಬಸ್ಸಿನಲ್ಲಿ ಬೇರೆಯವರು ಮೊಬೈಲ್ ನೋಡುತ್ತಿದ್ದರೆ ಇವಳು ಕಿಟಕಿಯಿಂದ ಆಕಾಶ ನೋಡುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಎಂಟೂವರೆಯ ವೀಕ್ಷಣೆಯನ್ನು ಎಂಟು ಮೂವತ್ತೈದಕ್ಕೆ ಮಾಡಿದವಳಲ್ಲ. ಆಕಾಶವನ್ನು ಎಂಟು ಪಾಲು ಮಾಡಿ ಎಷ್ಟು ಪಾಲು ಮೋಡವಿದೆ ಎಂದು ಬರೆಯಬೇಕು. ಆಮೇಲೆ ಯಾವ ಜಾತಿಯ ಮೋಡ ಎಂಬುದಕ್ಕೆ ಸೊನ್ನೆಯಿಂದ ಒಂಬತ್ತರವರೆಗೆ ಒಂದು ಅಂಕಿ. ನಡು ಎತ್ತರದ ಮೋಡಕ್ಕೆ ನಾವು ಸಾಮಾನ್ಯವಾಗಿ ಹಾಕುತ್ತಿದ್ದದ್ದು ಮೂರು. ತೆಳ್ಳಗೆ ಹರಡಿದ ಸಾಧು ಆಲ್ಟೋಕ್ಯುಮುಲಸ್ ಎಂದರ್ಥ.

ಆ ಗುರುವಾರ ಬೆಳಿಗ್ಗೆ ನಾನು ಒಳಗೆ ಕೂತು ತ್ರೈಮಾಸಿಕ ವರದಿ ತುಂಬುತ್ತಿದ್ದೆ. ರೇಣುಕಾ ವೀಕ್ಷಣೆ ಮುಗಿಸಿ, ರಿಜಿಸ್ಟರನ್ನು ನನ್ನ ಮೇಜಿನ ಮೇಲಿಟ್ಟು, ಪೆಟ್ಟಿಗೆಯ ಥರ್ಮಾಮೀಟರಿಗೆ ಸುತ್ತಿದ ಒದ್ದೆ ಬಟ್ಟೆ ಬದಲಿಸಲು ಹೊರಗೆ ಹೋದಳು. ನೋಡಿದರೆ ನಡು ಮೋಡದ ಕಾಲಂನಲ್ಲಿ ಎಂಟು. ಎಂಟು ಎಂದರೆ ಆಲ್ಟೋಕ್ಯುಮುಲಸ್ ಕ್ಯಾಸ್ಟೆಲಾನಸ್. ಒಂದೇ ಸಮತಟ್ಟಿನ ಮೇಲೆ ಸಾಲಾಗಿ ಎದ್ದ ಪುಟ್ಟ ಪುಟ್ಟ ಗೋಪುರಗಳು. ಬೆಳಿಗ್ಗೆ ಅದು ಕಂಡಿತೆಂದರೆ ಮೇಲಿನ ಗಾಳಿ ಒಳಗೊಳಗೇ ಕುದಿಯುತ್ತಿದೆ, ಮಧ್ಯಾಹ್ನ ಗುಡುಗು ಏಳಬಹುದು ಎಂದು ಪುಸ್ತಕ ಹೇಳುತ್ತದೆ. ಅಪರೂಪದ ಅಂಕಿ. ಅದನ್ನು ಬರೆದು ಮಧ್ಯಾಹ್ನ ಏನೂ ಆಗದಿದ್ದರೆ ಮೇಲಿನಿಂದ ಕ್ವೆರಿ ಬರುತ್ತದೆ: ವೀಕ್ಷಕರಿಗೆ ತರಬೇತಿ ಸಾಲದೇ, ವಿವರಣೆ ಕೊಡಿ. ಕ್ವೆರಿ ಬರದ ಹಾಗೆ ನೋಡಿಕೊಳ್ಳುವುದೇ ಮುಖ್ಯಸ್ಥನ ಜಾಣತನ ಎಂದು ನಾನು ಬಹಳ ವರ್ಷದಿಂದ ನಂಬಿದ್ದೆ. ಕೆಂಪು ಪೆನ್ನು ತೆಗೆದು ಎಂಟನ್ನು ಹೊಡೆದು ಮೂರು ಮಾಡಿದೆ. ಚಿಕ್ಕ ಸಹಿ ಹಾಕಿದೆ. ಮೇಲಿನ ಕಚೇರಿಗೆ ಸಂದೇಶ ಕಳಿಸಿಯೂ ಬಿಟ್ಟೆ. ಕುರ್ಚಿಯಿಂದ ಮಾತ್ರ ಏಳಲಿಲ್ಲ.

ಒಂಬತ್ತೂ ಕಾಲಿಗೆ ಮುರುಗೇಶಣ್ಣನ ಫೋನ್. "ಸಾರ್, ಇವತ್ತೇ ಎರಕ. ಎರಡೂವರೆಗೆ ಹೊಯ್ಯೋದು. ಹೇಗೆ?"

ಮುಂದಿದ್ದ ರಿಜಿಸ್ಟರಿನಲ್ಲಿ ನನ್ನದೇ ಕೈಬರಹದ ಮೂರು. "ಐದು ಗಂಟೆವರೆಗೆ ಭಯ ಇಲ್ಲ, ಧೈರ್ಯವಾಗಿ ಮಾಡಿ" ಎಂದೆ. ಏಳು ಜನರ ಜೀವದ ವಿಷಯ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಹತ್ತೂ ಮುಕ್ಕಾಲರ ಹೊತ್ತಿಗೆ ರೇಣುಕಾ ಏನನ್ನೋ ಸೇರಿಸಲು ರಿಜಿಸ್ಟರ್ ತೆಗೆದಳು. ಕೆಂಪು ಗೆರೆ ನೋಡಿದಳು. ಅವಳು ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಸಾರ್, ಇದು ನೀವು ಹೊರಗೆ ಬಂದು ನೋಡಿ ತಿದ್ದಿದ್ದಾ?"

"ಅದು ಹಾಗಲ್ಲಮ್ಮ, ಸುಮ್ನೆ ಎಂಟು ಹಾಕಿದ್ರೆ..."

"ಸುಮ್ನೆ ಹಾಕಿದ್ದಲ್ಲ ಸಾರ್. ಬಸ್ಸಲ್ಲೇ ನೋಡಿದೆ, ಇಲ್ಲಿ ಬಂದು ಇನ್ನೊಂದ್ಸಲ ನೋಡಿದೆ. ಭದ್ರಾವತಿ ದಿಕ್ಕಿಗೆ ಕೋಟೆ ಗೋಡೆ ಮೇಲಿನ ತೆನೆ ಇದ್ದಂಗೆ ಸಾಲಾಗಿ ನಿಂತಿತ್ತು. ನೋಡ್ದೇ ತಿದ್ದೋದಾದ್ರೆ ನಾನು ಕುಂಸಿಯಿಂದ ಯಾಕೆ ಬರ್ಬೇಕು? ಮನೇಲಿ ಹಿಟ್ಟು ಕಲಸ್ತಾ ಫೋನಲ್ಲಿ ಹೇಳ್ತೀನಿ, ನಿಮಗೆ ಬೇಕಾದ್ದು ಬರ್ಕೊಳ್ಳಿ!"

ನಾನು ಎದ್ದು ಹೊರಗೆ ಓಡಿದೆ. ಆಕಾಶ ನೀಲಿ, ತೊಳೆದಿಟ್ಟ ಹಾಗೆ. ಭದ್ರಾವತಿ ದಿಕ್ಕಿಗೆ ಒಂದು ತುಣುಕು ಮೋಡವಿಲ್ಲ. ಕ್ಯಾಸ್ಟೆಲಾನಸ್‌ನ ಗುಣವೇ ಅದು. ಬಿಸಿಲು ಏರುತ್ತಿದ್ದಂತೆ ಕರಗಿ ಹೋಗುತ್ತದೆ. ಅದು ತೋರಿಸಿದ ಕುದಿತ ಮಾತ್ರ ಅಲ್ಲೇ ಇರುತ್ತದೆ. ಒಳಗೆ ಬಂದು ಉಪಗ್ರಹದ ಚಿತ್ರ ತೆಗೆದೆ, ಅದರಲ್ಲೂ ಏನಿಲ್ಲ. ಹತ್ತಿರದಲ್ಲಿ ನೆಚ್ಚಿಕೊಳ್ಳಬಹುದಾದ ರೇಡಾರ್ ಇರಲಿಲ್ಲ. ಕಂಪ್ಯೂಟರ್ ಮಾದರಿ ಎಂದಿನಂತೆ "ಕೆಲವೆಡೆ" ಎನ್ನುತ್ತಿತ್ತು. ಒಟ್ಟಿನಲ್ಲಿ ಒಂದು ಕಡೆ ಈ ನೀಲಿ ಆಕಾಶ, ಇನ್ನೊಂದು ಕಡೆ ಎರಡು ಗಂಟೆ ಹಿಂದೆ ರೇಣುಕಾ ಕಂಡದ್ದು. ಬೇರೆ ಯಾವ ಸಾಕ್ಷಿಯೂ ನನ್ನ ಬಳಿ ಇರಲಿಲ್ಲ.

ಅವಳ ಮುಖ ನೋಡಿದೆ. ಹನ್ನೊಂದು ವರ್ಷ ಒಂದು ಸುಳ್ಳು ಅಂಕಿ ಬರೆಯದವಳು. ಫೋನ್ ಎತ್ತಿದೆ.

"ಮುರುಗೇಶಣ್ಣ, ಬೆಳಿಗ್ಗೆ ನಾನು ಹೇಳಿದ್ದು ತಪ್ಪು."

"ಕುಲುಮೆ ಹತ್ತಿಸಿ ಅರ್ಧ ಗಂಟೆ ಆಯ್ತು ಸಾರ್. ಹಾಗಾದ್ರೆ ಮಳೆ ಬರುತ್ತೆ ಅಂತೀರಾ?"

"ಬರುತ್ತೆ ಅನ್ನಲ್ಲ. ಬರಲ್ಲ ಅಂದಿದ್ದೆನಲ್ಲ, ಅದನ್ನ ವಾಪಸ್ ತಗೋತಿದೀನಿ. ಮೋಡ ನೋಡಿದ್ದು ನಾನಲ್ಲ, ನಮ್ಮ ರೇಣುಕಾ. ಅವಳು ಬರೆದದ್ದನ್ನ ನಾನು ನೋಡದೇ ಹೊಡೆದು ಹಾಕಿದ್ದೆ."

ಬೈಯುತ್ತಾರೆ ಎಂದುಕೊಂಡೆ. "ಇಲ್ಲಿಗೇ ಬಂದ್ಬಿಡಿ ಸಾರ್. ಆ ಅಮ್ಮನ್ನೂ ಕರ್ಕೊಂಡು ಬನ್ನಿ" ಎಂದರು, ಅಷ್ಟೇ.

ನನ್ನ ಸ್ಕೂಟರಿನಲ್ಲಿ ಮಾಚೇನಹಳ್ಳಿಗೆ ಹೊರಟೆವು. ಬಿಸಿಲು ನೆತ್ತಿ ಸುಡುತ್ತಿತ್ತು. ದಾರಿಯುದ್ದಕ್ಕೂ ನಾನು ಒಂದೇ ಒಂದು ಮೋಡಕ್ಕಾಗಿ ಹುಡುಕಿದೆ. ಇಂಥ ಹುಡುಕಾಟ ನನ್ನ ಜನ್ಮದಲ್ಲೇ ಮಾಡಿರಲಿಲ್ಲ.

ಫೌಂಡ್ರಿಯ ಶೆಡ್ಡಿನ ಬಾಗಿಲಲ್ಲೇ ನನ್ನ ಕಾಲು ನಿಂತಿತು. ಅಚ್ಚಿನ ಕಪ್ಪು ಮರಳಿನಲ್ಲಿ, ಒಂದು ಹಲಗೆಯ ಮೇಲೆ, ಮೂರು ಮೋಡಗಳನ್ನು ಮಾಡಿಟ್ಟಿದ್ದರು. ಹತ್ತಿ ಉಂಡೆ, ಹೂಕೋಸು, ಅಡಿಗಲ್ಲು. ಅಂಚುಗಳು ಎಷ್ಟು ನಾಜೂಕೆಂದರೆ ನಮ್ಮ ಚಾರ್ಟಿನ ಚಿತ್ರ ಅದರ ಮುಂದೆ ಏನೂ ಅಲ್ಲ. "ನಮ್ಮ ಹುಡುಗ್ರಿಗೆ ಬಾಯಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ ಸಾರ್, ಮರಳಲ್ಲಿ ಮಾಡಿ ತೋರ್ಸಿದ್ರೆ ಕೈಗೇ ಗೊತ್ತಾಗುತ್ತೆ" ಎಂದರು ಮುರುಗೇಶಣ್ಣ. ಹುಡುಗರೆಂದರೆ ನಲವತ್ತು ದಾಟಿದ ಗಂಡಸರು. ನನ್ನ ಅರ್ಧ ಗಂಟೆಯ ಪಾಠವನ್ನು ಆ ಮನುಷ್ಯ ಅಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದರು.

ರೇಣುಕಾ ಸೀದಾ ಕಚೇರಿ ಕಟ್ಟಡದ ತಾರಸಿ ಹತ್ತಿದಳು. ಸೆರಗು ತಲೆಯ ಮೇಲೆ ಹಾಕಿಕೊಂಡು ನೀರಿನ ಟ್ಯಾಂಕಿನ ಪಕ್ಕ ನಿಂತವಳು ಎರಡು ಗಂಟೆ ಅಲ್ಲಿಂದ ಕದಲಲಿಲ್ಲ. ಹನ್ನೆರಡೂ ಕಾಲಿಗೆ ಮೊದಲ ಹತ್ತಿ ಉಂಡೆ ಕಂಡಿತು. ಒಂದು ಗಂಟೆಗೆ, "ಸಾರ್, ಅಗಲಕ್ಕಿಂತ ಎತ್ತರ ಆಯ್ತು" ಎಂದು ಮೇಲಿನಿಂದ ಕೂಗಿದಳು. ಒಂದೂ ಮುಕ್ಕಾಲಿಗೆ ಭದ್ರಾವತಿ ಕಡೆ ಹೂಕೋಸು ಗುಡ್ಡ ಗುಡ್ಡವಾಗಿ ಎದ್ದಿತ್ತು. ಎರಡೂ ಹತ್ತಕ್ಕೆ ಅದರ ನೆತ್ತಿಯ ಅಂಚು ಮಸುಕಾಗತೊಡಗಿತು. ನಮ್ಮ ತಲೆಯ ಮೇಲೆ ಮಾತ್ರ ಇನ್ನೂ ನೀಲಿಯೇ.

ಅಷ್ಟರಲ್ಲಿ ಕಬ್ಬಿಣ ಕರಗಿ ಸಿದ್ಧವಾಗಿತ್ತು. ಯಜಮಾನರು ಚನ್ನಬಸಪ್ಪನವರು ಒಳ್ಳೆಯವರು, ಆದರೆ ಅಂದು ಬೆಂಕಿಯಾಗಿದ್ದರು. ಗಿರಾಕಿಗೆ ಮಾತು ಕೊಟ್ಟಾಗಿದೆ, ಬಾಡಿಗೆ ಕ್ರೇನ್ ಬಂದು ನಿಂತಿದೆ, ಅಚ್ಚು ಕಟ್ಟಲು ಮೂರು ವಾರ ಹಿಡಿದಿದೆ.

"ಮುರುಗೇಶ, ತಲೆ ಎತ್ತಿ ನೋಡು ಮಾರಾಯ! ಎಲ್ಲಿದೆ ಮಳೆ?"

ಮುರುಗೇಶಣ್ಣ ನನ್ನ ಕಡೆ ನೋಡಲಿಲ್ಲ. ತಾರಸಿಯಿಂದ ಇಳಿದು ಬಂದ ರೇಣುಕಾಳ ಮುಂದೆ ಹೋಗಿ ನಿಂತರು.

"ಅಮ್ಮ, ಒಂದೇ ಮಾತು. ಇನ್ನು ಎರಡು ಗಂಟೆ ಇಲ್ಲಿ ನೀರು ಬೀಳಲ್ಲ ಅಂತ ಹೇಳ್ತೀಯಾ?"

"ಇಲ್ಲ ಅಣ್ಣ. ಬೀಳುತ್ತೆ ಅಂತ ಆಣೆ ಹಾಕಲ್ಲ. ಆದ್ರೆ ಬೀಳಲ್ಲ ಅಂತ ನನ್ನ ಬಾಯಲ್ಲಿ ಬರಲ್ಲ."

ಆತ ಹಿಂದಿರುಗಿ ತನ್ನ ಆರು ಜನರಿಗೆ ಕೈ ಸನ್ನೆ ಮಾಡಿದರು. "ಬೇಡ. ಒಳಗೇ ಗಟ್ಟಿ ಹೊಯ್ದುಬಿಡಿ." ಅಂದರೆ ಕರಗಿದ ಕಬ್ಬಿಣವನ್ನು ಶೆಡ್ಡಿನೊಳಗಿನ ಸಣ್ಣ ಬಾನಿಗಳಿಗೆ ಸುರಿದು ಇಟ್ಟಿಗೆಯಂಥ ಗಟ್ಟಿಗಳಾಗಿ ಮಾಡುವುದು. ಇಡೀ ದಿನದ ಕರೆಂಟು, ಕೂಲಿ, ಎಲ್ಲ ದಂಡ. ಚನ್ನಬಸಪ್ಪನವರು ತಲೆ ಮೇಲೆ ಕೈ ಹೊತ್ತು ಕುರ್ಚಿಯಲ್ಲಿ ಕುಸಿದರು. ಆರು ಜನ ಯಾರ್ಡಿನ ಅಚ್ಚಿಗೆ ತಗಡು ಮುಚ್ಚಿ, ಅದರ ಮೇಲೆ ಟಾರ್ಪಾಲು ಬಿಗಿದರು.

ಮೂರು ಗಂಟೆಗೆ ಭದ್ರಾವತಿ ದಿಕ್ಕು ಕಪ್ಪಾಯಿತು. ಗುಡುಗು ಕೇಳಿಸಿತು. ತಣ್ಣನೆ ಗಾಳಿ ಧೂಳೆಬ್ಬಿಸಿಕೊಂಡು ಬಂತು. ಬಂತು, ಹೋಯಿತು. ಮೂರೂವರೆಯಾಯಿತು, ಮೂರೂ ಮುಕ್ಕಾಲಾಯಿತು. ಒಂದು ಹನಿ ಇಲ್ಲ! ದೇವರೇ ಒಂದೇ ಒಂದು ಹನಿ ಹಾಕಪ್ಪಾ ಎಂದು ನಾನು ಬೇಡಿಕೊಳ್ಳುತ್ತಿದ್ದೆ, ನನ್ನ ಮಾನ ಉಳಿಯಲಿ ಎಂದು. ಆಗ ಮುರುಗೇಶಣ್ಣನ ಹೆಂಡತಿ ಓಲ್ಡ್ ಟೌನಿನಿಂದ ಫೋನ್ ಮಾಡಿದರು. ಅಲ್ಲಿ ಆಲಿಕಲ್ಲು, ಬೀದಿಯಲ್ಲಿ ಮೊಣಕಾಲುದ್ದ ನೀರು, ಎದುರು ಮನೆಯ ತಗಡು ಹಾರಿ ಹೋಗಿದೆಯಂತೆ. ಅಲ್ಲಿಗೂ ಇಲ್ಲಿಗೂ ಏಳೆಂಟು ಕಿಲೋಮೀಟರ್. ಯಾರ್ಡಿನ ಧೂಳು ಮಾತ್ರ ಇದ್ದ ಹಾಗೇ ಇತ್ತು.

ಚನ್ನಬಸಪ್ಪನವರು ಎದ್ದು ಬಂದು ಚಪ್ಪಲಿಯಲ್ಲಿ ನೆಲ ಕೆದಕಿದರು. ಒಣ ಮಣ್ಣು ಹಾರಿತು. "ನೋಡಿ ಸಾರ್, ನಿಮ್ಮ ಮಳೆ" ಎಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಮುರುಗೇಶಣ್ಣ ನಮ್ಮಿಬ್ಬರ ಮಧ್ಯೆ ಬಂದು ನಿಂತರು.

"ಯಜಮಾನ್ರೇ, ಮಳೆ ಬರುತ್ತೆ ಅಂತ ನಾನು ನಿಲ್ಸಿದ್ದಲ್ಲ. ಬರಲ್ಲ ಅಂತ ಹೇಳೋರು ಒಬ್ರೂ ಇರ್ಲಿಲ್ಲ, ಅದಕ್ಕೆ ನಿಲ್ಸಿದೆ. ಆ ಮೋಡ ಏಳು ಕಿಲೋಮೀಟರ್ ಈ ಕಡೆ ಬಂದಿದ್ರೆ ಈ ಹೊತ್ತಿಗೆ ನೀವು ನಮ್ಮ ಮನೆಗಳಿಗೆ ಫೋನ್ ಮಾಡ್ತಾ ಇರ್ತಿದ್ರಿ."

ಯಜಮಾನರು ಬಹಳ ಹೊತ್ತು ಆ ಆರು ಜನರ ಕಡೆ ನೋಡಿದರು. ಅವರು ಶೆಡ್ಡಿನ ನೆರಳಲ್ಲಿ ಕೂತು ಕೈಗವಸು ಬಿಚ್ಚುತ್ತಿದ್ದರು. ಆಮೇಲೆ ಚನ್ನಬಸಪ್ಪನವರು ಟೀ ತರಿಸಿದರು. ಟೀ ಬಂದಾಗ, "ಮೊದ್ಲು ಆ ಮೇಡಂಗೆ ಕೊಡ್ರಪ್ಪ, ಬಿಸಿಲಲ್ಲಿ ನಿಂತಿದ್ರು" ಎಂದರು. ಅಂಥ ನಷ್ಟದ ನಡುವೆ ಅಷ್ಟು ತೋಚಿತಲ್ಲ, ದೊಡ್ಡ ಮನುಷ್ಯ.

ಕಚೇರಿಗೆ ಮರಳಿದ ಕೂಡಲೇ ರಿಜಿಸ್ಟರ್ ತೆಗೆದೆ. ಮೂರನ್ನು ಹೊಡೆದು ಎಂಟು ಬರೆದೆ. ಷರಾ ಕಾಲಂನಲ್ಲಿ, "ಆಕಾಶ ನೋಡದೆ ತಿದ್ದಿದ್ದೆ, ವೀಕ್ಷಕಿಯ ದಾಖಲೆಯೇ ಸರಿ" ಎಂದು ಬರೆದು ಪೂರ್ತಿ ಸಹಿ ಹಾಕಿ, ತಿದ್ದುಪಡಿ ಸಂದೇಶ ಕಳಿಸಿದೆ. ನಿರೀಕ್ಷಿಸಿದಂತೆ ಮುಂದಿನ ವಾರ ಕ್ವೆರಿ ಬಂತು. ಮೂವತ್ತೊಂದು ವರ್ಷ ಹೆದರಿಕೊಂಡಿದ್ದ ಆ ಭೂತಕ್ಕೆ ಉತ್ತರ ಬರೆಯಲು ಹತ್ತು ನಿಮಿಷ ಸಾಕಾಯಿತು. ನನಗೊಂದು ಎಚ್ಚರಿಕೆ ಪತ್ರ ಬಂತು, ಮುಗಿಯಿತು. ಆ ಗುರುವಾರ ಸಂಜೆ ರೇಣುಕಾ ಷರಾ ಓದಿ ರಿಜಿಸ್ಟರ್ ಮುಚ್ಚಿದಳು. "ಐದೂವರೆ ಆಗ್ತಾ ಬಂತು ಸಾರ್, ಮೋಡ ನೋಡೋಣ ಬನ್ನಿ" ಎಂದಳು. ನಾನು ಎದ್ದು ಹೋದೆ. ನಿವೃತ್ತಿಯಾಗುವ ದಿನದವರೆಗೂ ಹಾಗೆ ಎದ್ದು ಹೋಗುತ್ತಿದ್ದೆ.

ಒಂಬತ್ತು ದಿನ ಬಿಟ್ಟು, ಮುಚ್ಚಿಟ್ಟಲ್ಲೇ ತೇವ ಎಳೆದುಕೊಂಡಿದ್ದ ಅಚ್ಚನ್ನು ಮತ್ತೆ ಒಣಗಿಸಿ, ಮುರುಗೇಶಣ್ಣ ಎರಕವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡರು. ಏಳೂ ಮುಕ್ಕಾಲಿಗೆ ಫೋನ್ ಬಂತು. ನಾನು ಎತ್ತಿ, ಗಂಟಲು ಸರಿಮಾಡಿಕೊಂಡು, "ಹೇಳಿ ಮುರುಗೇಶಣ್ಣ" ಎಂದೆ.

"ಸಾರ್, ಬೇಜಾರ್ ಮಾಡ್ಕೋಬೇಡಿ. ಆ ಅಮ್ಮನ ಕೈಗೆ ಕೊಡಿ."

ಬೇಜಾರಾಗಲಿಲ್ಲ ಎಂದರೆ ಸುಳ್ಳಾದೀತು. ಚುರುಕ್ಕೆಂದಿತು. ಆದರೆ ಕೊಟ್ಟೆ, ಮನಸಾರೆ ಕೊಟ್ಟೆ. ರೇಣುಕಾ ಫೋನ್ ಹಿಡಿದುಕೊಂಡೇ ಅಂಗಳಕ್ಕೆ ಹೋಗಿ ನಾಲ್ಕೂ ದಿಕ್ಕಿಗೆ ನಿಧಾನವಾಗಿ ತಿರುಗಿದಳು. ತಿರುಗಿ ಮುಗಿಸಿ, "ಹನ್ನೊಂದರ ತನಕ ಬೀಳಲ್ಲ ಅಣ್ಣ, ನಾನು ಹೇಳ್ತೀನಿ. ಹನ್ನೊಂದರ ಮೇಲೆ ನನ್ನ ಮಾತಿಲ್ಲ" ಎಂದಳು.

ನನ್ನ ವೃತ್ತಿ ನನಗೆ ಕಲಿಸಿದ್ದೇನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ರೇಣುಕಾಳ ಈ ಎರಡು ವಾಕ್ಯಗಳನ್ನೇ. ನನಗೆ ಎಲ್ಲಿಯವರೆಗೆ ಗೊತ್ತೋ ಅಲ್ಲಿಯವರೆಗೆ ಹೆಸರು ಹಾಕಿ ಹೇಳಬೇಕು. ಅದರಾಚೆ ಗೊತ್ತಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ನಾನು ಮೂವತ್ತೊಂದು ವರ್ಷ ಯಾರ ಕೈಗೂ ಸಿಗದ ವಾಕ್ಯ ಬರೆದೆ. ಸೇವೆ ಕಾಯಂ ಆಗದ ಒಬ್ಬ ಹೆಣ್ಣುಮಗಳು ಹನ್ನೊಂದು ಗಂಟೆ ಎಂದು ಹೇಳಿದಳು. ಆ ಮಾತನ್ನು ನಂಬಿ, ಅಂದು ಬೆಳಿಗ್ಗೆ, ಏಳು ಜನ ಕಾದ ಕಬ್ಬಿಣದ ಪಕ್ಕ ನಿಂತರು.